ಅಲ್ಬೀನಾ ಮನೆಗೆ ಬಂದಳೇ?

ಸಾಸೇಜಿಗೆ ಸಾಸಿವೆ ಜಾಸ್ತಿಯಾಯಿತೇನೋ, ಚಮಚದ ತುದಿಯಿಂದ ಅಷ್ಟು ತೆಗೆದುಬಿಡಬೇಕು, ವಯಸ್ಸಾದವರಿಗೆ ಘಾಟು ಆಗುವುದಿಲ್ಲ, ವಯಸ್ಸಾದವರಂತೆ, ತಾನೇನು ಎಳೇ ಹುಡುಗಿಯೇ, ಎಪ್ಪತ್ತಕ್ಕೆ ಬಂತು, ಇವತ್ತು ಹಾಡಲು ಬಂದಾತನಿಗೆ ಎಂಬತ್ತು ದಾಟಿದೆಯಂತೆ, ಪೋಸ್ಟರಿನಲ್ಲಿ ಮಾತ್ರ ಇನ್ನೂ ನಲವತ್ತರ ಮುಖ — ಡ್ಯಾನ್ಸ್ ಹಾಲ್‌ನ ಅಡುಗೆಮನೆಯ ಕಿಟಕಿಯ ಆಚೆ ಬೆಂಚು ಎಳೆದಾಡುವ ಸದ್ದು, ಕಾಲಡಿಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಕಿರಿಕಿರಿ, ಕುಣಿಯುವವರ ಬೂಟು ಸರಾಗವಾಗಿ ಜಾರಲಿ ಎಂದು ಬೆಳಿಗ್ಗೆ ಎಡ್ವಿನ್ನೇ ಡಬ್ಬ ಹಿಡಿದು ನೆಲದ ತುಂಬ ಉದುರಿಸಿದ್ದ, ಬೀಜ ಚೆಲ್ಲುವವನ ಹಾಗೆ ಕೈ ಬೀಸಿ, ಮದುವೆಯಾಗಿ ಇಷ್ಟು ವರ್ಷವಾದರೂ ಗಂಡ ಹಾಗೆ ಕೈ ಬೀಸುವುದನ್ನು ನೋಡಿದರೆ ಅಲ್ಬೀನಾಳಿಗೆ ಏನೋ ಒಂದು ನೆಮ್ಮದಿ, ಆದರೆ ಇವತ್ತು ಅವನು ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ, ಬರುವಾಗ ಪಿಕಪ್ಪಿನಲ್ಲಿ ರೇಡಿಯೋದವನು ಇವತ್ತು ಮಧ್ಯಾಹ್ನ ನೊವಿ ಡೂಬ್ ಡ್ಯಾನ್ಸ್ ಹಾಲ್‌ನಲ್ಲಿ ನಮ್ಮ ಟೆಕ್ಸಸ್ಸಿನ ಹೆಮ್ಮೆ ಹಾಲಿಸ್ ಟೀಗ್ ಎಂದವನೇ ಆ ಹಾಡು ಹಾಕಿದ, ಗಿಟಾರಿನ ಮೊದಲ ಮೀಟು ಕೇಳಿದ್ದೇ ಎಡ್ವಿನ್‌ನ ಬೆರಳು ಗುಂಡಿಯ ಮೇಲೆ, ಟಕ್, ಆಮೇಲೆ ಬರೀ ಟೈರಿನ ಸದ್ದು. ಯಾವಾಗಲೂ ಹಾಗೇ. ಮನೆಯ ರೇಡಿಯೋ ಆಗಲಿ, ಕ್ಷೌರದಂಗಡಿಯದಾಗಲಿ, ಆ ಹಾಡು ಶುರುವಾದರೆ ಸಾಕು, ಆರಿಸುತ್ತಾನೆ, ಇಲ್ಲವೇ ಎದ್ದು ಹೊರಗೆ ಹೋಗುತ್ತಾನೆ, ಮತ್ತು ಅವಳು ಕಿಟಕಿಯಿಂದಾಚೆ ನೋಡುತ್ತಾಳೆ, ಹುಲ್ಲಿನ ಸುರುಳಿಗಳು, ತಂತಿ ಬೇಲಿ, ಯಾರದೋ ಹೊಲ, ಏನೂ ಆಗಿಲ್ಲವೆಂಬಂತೆ, ನಿಜಕ್ಕೂ ಏನೂ ಆಗಿರಲಿಲ್ಲವಲ್ಲ, ಅದೇ ತಮಾಷೆ, ಏನೂ ಆಗದ ಒಂದು ಸಂಗತಿಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಇಷ್ಟು ಕಾಲ ಸಂಸಾರ ಮಾಡಿಬಿಟ್ಟರು.

ಹಸಿರು ಫ್ರಾಕು. ಅದೊಂದು ಕಣ್ಣಿಗೆ ಕಟ್ಟಿದ ಹಾಗಿದೆ, ಅಮ್ಮ ಹೊಲಿದದ್ದು, ಕಂಕುಳಲ್ಲಿ ಬಿಗಿ. ಹತ್ತೊಂಬತ್ತು ವರ್ಷ ಆಗ, ಇದೇ ಹಾಲ್, ಇದೇ ನೆಲ, ಊರಿನ ಪೋಲ್ಕಾ ಕುಣಿತದ ವಾದ್ಯದವರು ಬಿಯರ್ ಕುಡಿಯಲು ಇಳಿದಾಗ ನಡುವೆ ಒಂದಷ್ಟು ಹೊತ್ತು ತುಂಬಿಸಲೆಂದು ಹೊರಗಿನ ಹುಡುಗನೊಬ್ಬನನ್ನು ಕರೆಸಿದ್ದರು, ಕಡ್ಡಿಯಂಥವನು, ಅಂಗಿಯ ತೋಳು ಗಿಡ್ಡ, ತನ್ನ ಹಾಡು ತಾನೇ ಬರೆದುಕೊಳ್ಳುತ್ತಾನಂತೆ ಎಂದರೆ ಹಿಂದೆ ನಿಂತವರು, ಬೇರೆ ಯಾರೂ ಬರ್ಕೊಡ್ಲಿಲ್ವೇನೋ ಪಾಪ, ಎಂದು ನಕ್ಕಿದ್ದರು — ಅವನು ಬಾಯಿ ತೆರೆದ ಮೇಲೆ ಯಾರೂ ನಗಲಿಲ್ಲ, ಕುಣಿಯಲೆಂದು ಜೋಡಿಯಾಗಿ ಎದ್ದವರು ಕೈ ಹಿಡಿದುಕೊಂಡೇ ಸುಮ್ಮನೆ ನಿಂತರು, ಆ ದನಿಯಲ್ಲಿ ಅಂಥದ್ದೇನಿತ್ತು, ಸಿಹಿ ಇರಲಿಲ್ಲ, ಬಾವಿಯ ಹಗ್ಗ ರಾಟೆಯ ಮೇಲೆ ಎಳೆದಂಥ ದನಿ, ಆದರೆ ಎಳೆದಷ್ಟೂ ಒಳಗಿನಿಂದ ಏನೋ ಮೇಲೆ ಬರುತ್ತಿತ್ತು. ಹಾಡು ಮುಗಿಸಿ ಇಳಿದವನಿಗೆ ಸೋಡಾ ಬಾಟಲಿ ಕೊಟ್ಟವಳು ಅವಳು. ನಿನ್ನ ಹೆಸರೇನು ಅಂದ. ಅಲ್ಬೀನಾ ಅಂದಳು. ಅಲ್ಬೀನಾ, ಅಂದ ಇನ್ನೊಂದು ಸಲ, ನಾಲಿಗೆಯ ಮೇಲೆ ಸಕ್ಕರೆ ಇಟ್ಟುಕೊಂಡವನ ಹಾಗೆ. ಅಷ್ಟೇ, ಅದಕ್ಕಿಂತ ಒಂದು ಎಳೆ ಹೆಚ್ಚಿಲ್ಲ, ಬಾಟಲಿ ವಾಪಸು ಕೊಟ್ಟು ಥ್ಯಾಂಕ್ಸ್ ಅಂದು ಹೋದ, ಮತ್ತು ಮರುವರ್ಷ ಎಲ್ಲ ರೇಡಿಯೋಗಳಲ್ಲೂ, ಹೊತ್ತು ಮುಳುಗಿತು ಅಲ್ಬೀನಾ, ಗೇಟು ತೆಗೆದೇ ಇದೆ, ಒದ್ದೆ ಹುಲ್ಲಿನ ಮೇಲೆ ನಿನ್ನ ಹೆಜ್ಜೆ ಕೇಳಿದರೆ ಸಾಕು — ಚೆಕ್ ದೇಶದಿಂದ ಬಂದ ನಮ್ಮ ಮಂದಿ ಬಿಟ್ಟರೆ ಟೆಕ್ಸಸ್ಸಿನಲ್ಲಿ ಆ ಹೆಸರು ಇನ್ಯಾರು ಇಡುತ್ತಾರೆ, ಈ ಊರಿನಲ್ಲಿ ಇದ್ದದ್ದು ಮೂವರು ಅಲ್ಬೀನಾ, ಒಬ್ಬಳು ಹಲ್ಲಿಲ್ಲದ ಮುದುಕಿ, ಒಬ್ಬಳು ಮಠ ಸೇರಿದ ಸಿಸ್ಟರ್, ಮೂರನೆಯವಳು ಬೇಕರಿಯ ಗಲ್ಲೆಯ ಹಿಂದೆ ನಿಂತು ಗಸಗಸೆ ತುಂಬಿದ ಕೊಲಾಚಿ ಬನ್ನು ಕಟ್ಟಿಕೊಡುವ ತಾನು. ಜನಕ್ಕೆ ಇನ್ನೇನು ಬೇಕು. ಬ್ರೆಡ್ಡು ಕೊಳ್ಳಲು ಬಂದವರು ಮುಖ ನೋಡಿ ಹೋಗುವರು, ನೀನೇ ಅಲ್ವಾ ಎಂದರೆ ಅವಳು ನಕ್ಕುಬಿಡುವಳು, ಹೌದೂ ಅಲ್ಲ, ಇಲ್ಲವೂ ಅಲ್ಲ, ಯಾಕೆಂದರೆ ತನಗೂ ಗೊತ್ತಿರಲಿಲ್ಲ, ಎರಡು ಸಲ ಹೆಸರು ಹೇಳಿದವನು ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದರೂ ಇರಬಹುದು, ಇರಲಿ ಎಂದು ಒಂದು ಆಸೆ, ಸುಳ್ಳೇಕೆ. ಎಡ್ವಿನ್ ಯಾನಕ್ ಆಗಲೇ ಉಂಗುರ ಕೊಟ್ಟಾಗಿತ್ತು. ಮದುವೆಯಲ್ಲಿ ವಾದ್ಯದವರು ತಮಾಷೆಗೆಂದು ಆ ಹಾಡು ಎತ್ತಿದರೆ ಅತ್ತೆ ಹೋಗಿ ಅಕಾರ್ಡಿಯನ್ನಿನ ಮೇಲೆ ಕೈಯಿಟ್ಟು ನಿಲ್ಲಿಸಿದರು, ಎಡ್ವಿನ್ ತಟ್ಟೆ ನೋಡುತ್ತ ಕೂತಿದ್ದ, ಆವತ್ತೂ ಏನೂ ಕೇಳಲಿಲ್ಲ, ಇವತ್ತಿಗೂ ಏನೂ ಕೇಳಿಲ್ಲ, ಕೇಳಿದ್ದರೆ ಹೇಳಬಹುದಿತ್ತಲ್ಲ, ಬರೀ ಒಂದು ಸೋಡಾ ಕಣೋ ಎಂದು, ಕೇಳದವನಿಗೆ ಹೇಗೆ ಹೇಳುವುದು.

ಕಿಟಕಿಯ ಆಚೆ ಬರ್ನೀಸಳ ಗಂಟಲು, ನಾದಿನಿಯ ಗಂಟಲನ್ನು ಮೈಕಿಲ್ಲದೆ ಪಕ್ಕದ ಊರಿಗೂ ಕೇಳಿಸಬಹುದು, ಯಾವ ಕಾಲದ್ದೋ ಹಾಲಿಸ್ ಟೀಗ್ ಟೀ ಶರ್ಟು ಹೊಟ್ಟೆಯ ಮೇಲೆ ಎಳೆದುಕೊಂಡು ಬಂದಿದ್ದಾಳೆ, ಅವನ ಮುಖ ಅಡ್ಡಡ್ಡ ಹಿಗ್ಗಿ ಬೇರೆ ಯಾರೋ ಆಗಿದೆ, ಎರಡನೇ ರೆಕಾರ್ಡು ಕಣ್ರೀ, ಎರಡನೇದು, ಅದಾದ್ಮೇಲೆ ಬರೆದಿದ್ದೆಲ್ಲ ಚೆನ್ನಾಗಿದೆ, ಆದ್ರೆ ಎರಡನೇದು ಮಾತ್ರ ದೇವರೇ ಪಕ್ಕದಲ್ಲಿ ಕೂತು ಬರೆಸಿದ್ದು, ಎನ್ನುತ್ತಿದ್ದಾಳೆ. ಒಕ್ಲಹೋಮಾದಿಂದ ಬಂದ ಗಂಡ ಹೆಂಡತಿ ಎದುರಿನ ಬೆಂಚಿನಲ್ಲಿ, ಡ್ವೇಯ್ನ್ ಅಂತೆ, ಟ್ರಕ್ ಓಡಿಸುತ್ತಿದ್ದವನು, ಕುತ್ತಿಗೆ ಎಂಬುದೇ ಇಲ್ಲ, ಆದರೆ ಮಾತು ಮೆತ್ತಗೆ, ದೇವರ ವಿಷ್ಯ ಗೊತ್ತಿಲ್ಲಮ್ಮ, ನನ್ನ ಪಕ್ಕದಲ್ಲಂತೂ ಅವ್ನು ಕೂತಿದ್ದ, ಗಾಡಿ ಓಡಿಸಿದಷ್ಟು ದಿನವೂ, ನಿದ್ದೆ ಬಂದ್ರೆ ಎಬ್ಬಿಸ್ತಿದ್ದ, ಅಳು ಬಂದ್ರೆ ಬಿಡ್ತಿದ್ದ, ಎಂದರೆ ಅವನ ಹೆಂಡತಿ ಫಟ್ಟನೆ, ನಾನು ಕೂರ್ಬೇಕಾದ ಸೀಟು ಅದು, ಎಂದಳು, ಎಲ್ಲ ನಕ್ಕರು. ವೃದ್ಧರ ಆಸ್ಪತ್ರೆಯ ಜೂಡಿ ನಗಲಿಲ್ಲ, ಜೂಡಿ ಹೇಳುತ್ತಿದ್ದಾಳೆ, ನಮ್ಮಲ್ಲೊಬ್ಬರು ಇದಾರೆ, ಮಗಳು ಬಂದು ಎದುರಿಗೆ ನಿಂತ್ರೆ ನೀವ್ಯಾರು ಅಂತಾರೆ, ನಾನು ಹೊತ್ತು ಮುಳುಗಿತು ಅಂತ ಶುರುಮಾಡಿದ್ರೆ ಮಿಕ್ಕಿದ್ದೆಲ್ಲ ಅವರೇ, ಒಂದಕ್ಷರ ತಪ್ಪಲ್ಲ. ಯಾರೋ ಹಿಂದಿನಿಂದ, ಈಗ ದನಿ ಹೋಗ್ಬಿಟ್ಟಿದೆ ಬಿಡಿ ಅವನಿಗೆ, ಎಂದದ್ದೇ ತಡ ಮೂರು ಕಡೆಯಿಂದ ಅವನ ಮೇಲೆ ಬಿದ್ದರು, ದನಿ ಹೋಗಿಲ್ಲಯ್ಯಾ ಕಾಳು ಕಟ್ಟಿದೆ, ನ್ಯಾಶ್‌ವಿಲ್ಲಿನ ರೆಕಾರ್ಡು ಕಂಪನಿಯವರು ಹಿಂಡು ಪಿಟೀಲು ತಂದು ಅವನ ಹಾಡಿನ ಮೇಲೆ ಸುರಿದಾಗ ಗಿಟಾರ್ ಎತ್ಕೊಂಡು ಎದ್ದು ಬಂದ ಗಂಡು ಅವ್ನು, ಮಿಣಮಿಣ ಕೋಟು ಒಂದಿನ ಹಾಕ್ಲಿಲ್ಲ, ಹೊಲಕ್ಕೆ ಹೋಗೋ ಅಂಗೀಲೇ ಹಾಡ್ದ — ಅಲ್ಬೀನಾಳ ಕೈ ತಟ್ಟೆಯ ಮೇಲೆ ನಿಂತುಬಿಟ್ಟಿದೆ, ಕೇಳುತ್ತಿದ್ದಾಳೆ, ತನ್ನ ಮನೆಯವರನ್ನು ಯಾರೋ ಹೊಗಳಿದ ಹಾಗೆ ಎದೆಯಲ್ಲಿ ಬಿಸಿ, ಅಷ್ಟರಲ್ಲಿ ಡ್ವೇಯ್ನ್, ಅದ್ಸರಿ, ಅವಳು ಮನೆಗೆ ಬಂದ್ಲಾ ಇಲ್ವಾ ಕೊನೆಗೆ, ಅದು ಹೇಳಿ, ಎಂದ. ಈ ಜಗಳ ಎಲ್ಲಿ ಹೋದರೂ ತಪ್ಪಿದ್ದಲ್ಲ. ಹಾಡು ಮುಗಿಯುವುದು ತೆರೆದ ಗೇಟಿನಲ್ಲಿ, ಅಲ್ಬೀನಾ ಬಂದಳೋ ಬರಲಿಲ್ಲವೋ ಅವನು ಹೇಳಿಲ್ಲ. ಬಂದ್ಲು ಅಂತ ಕೆಲವರು, ಬರೋದಾಗಿದ್ರೆ ಹಾಡ್ಯಾಕೆ ಬರೀತಿದ್ದ ಅಂತ ಕೆಲವರು, ಬರ್ನೀಸ್ ಕಿಟಕಿಯ ಕಡೆ ಬಾಯಿ ತಿರುಗಿಸಿ, ಏ ಅಲ್ಬೀನಾ, ಆ ತಟ್ಟೆ ಹಿಡ್ಕೊಂಡು ಅಲ್ಲೇನು ಪೂಜೆ ಮಾಡ್ತಿದೀಯಾ, ಅವನಿಗೆ ಊಟ ನೀನೇ ತಗೊಂಡ್ಹೋಗು, ಹೋಗಿ ಕೇಳೇ ಬಾ, ಎಂದಳು, ಒಕ್ಲಹೋಮಾದವರ ಕಣ್ಣು ಅಗಲವಾಯಿತು, ಆ ಬೆಂಚಿನ ತುದಿಯಲ್ಲಿ ಕೂತಿದ್ದ ಎಡ್ವಿನ್ ಮಾತ್ರ ಹ್ಯಾಟಿನ ಅಂಚು ಕೆಳಗೆಳೆದುಕೊಂಡು ಬಿಯರಿನ ಕಡೆ ನೋಡುತ್ತಿದ್ದ.

ಹಿಂದಿನ ಬಾಗಿಲು ದಾಟಿದರೆ ಬಿಸಿಲು ಹೊಡೆದು ಕಣ್ಣು ಕತ್ತಲೆ, ಓಕ್ ಮರದ ಕೆಳಗೆ ಬಿಳಿ ವ್ಯಾನು, ಅದರ ಪಕ್ಕದಲ್ಲಿ ಮಡಿಸುವ ಕುರ್ಚಿಯ ಮೇಲೆ ಒಬ್ಬ ಮುದುಕ ಚಿಕ್ಕ ಕತ್ತರಿಯಿಂದ ಉಗುರು ಕತ್ತರಿಸಿಕೊಳ್ಳುತ್ತಿದ್ದಾನೆ, ಇವರೇನೆ, ಇಷ್ಟು ಸಣ್ಣಗೆ ಆಗಿಬಿಟ್ಟರೇ, ಮೂಳೆಗೆ ಅಂಗಿ ತೊಡಿಸಿದ ಹಾಗೆ, ಆದರೆ ತೋಳು ಈಗಲೂ ಗಿಡ್ಡ — ಊಟ ತಂದೆ, ಎಂದಳು. ಅವನು ಎದ್ದು ನಿಂತ, ಈ ವಯಸ್ಸಿನಲ್ಲೂ, ಹೆಂಗಸು ಬಂದಳೆಂದು, ಕುರ್ಚಿಯ ಕೈ ಹಿಡಿದು ಕಷ್ಟಪಟ್ಟು, ಕೂತ್ಕೊಳಿ ಕೂತ್ಕೊಳಿ ಎಂದು ಇವಳು. ತಟ್ಟೆ ತೊಡೆಯ ಮೇಲಿಟ್ಟುಕೊಂಡು ಸಾಸೇಜು ಮೂಸಿ ನೋಡಿ, ಆಹಾ, ಸಾಸಿವೆ ಕೈ ಬಿಚ್ಚಿ ಹಾಕಿದೀರ, ದೇವರು ಒಳ್ಳೇದ್ಮಾಡ್ಲಿ, ಎಂದ, ಆಮೇಲೆ ಅವಳ ಎದೆಯ ಮೇಲೆ ಹಾಲ್‌ನ ಸಂಘದವರು ಅಂಟಿಸಿದ ಹೆಸರಿನ ಚೀಟಿ ಓದಿದ, ಕನ್ನಡಕ ಮೇಲಕ್ಕೆ ಸರಿಸಿ ಇನ್ನೊಮ್ಮೆ ಓದಿದ, ಅಲ್ಬೀನಾ, ಓಹೋ, ಇವತ್ತು ನಿಮ್ಮನ್ನ ಜನ ಸುಮ್ನೆ ಬಿಟ್ಟಿರಲ್ಲ. ಇವತ್ತಲ್ಲ, ಯಾವತ್ತೂ ಬಿಟ್ಟಿಲ್ಲ, ಎಂದಳು, ಎಲ್ಲಿಂದ ಬಂತೋ ಧೈರ್ಯ, ನಾನೊಂದ್ಸಲ ನಿಮಗೆ ಸೋಡಾ ಕೊಟ್ಟಿದ್ದೆ, ಇದೇ ಹಾಲ್‌ನಲ್ಲಿ, ಹಸಿರು ಫ್ರಾಕು, ನೀವು ಹೆಸರು ಕೇಳಿದ್ರಿ. ಅವನು ಅವಳನ್ನೇ ನೋಡಿದ, ಬಹಳ ಹೊತ್ತು, ನಿಜವಾಗಿ ಹುಡುಕುತ್ತಿದ್ದ, ಒಳಗೆಲ್ಲೋ ಪೆಟ್ಟಿಗೆಗಳನ್ನು ಎತ್ತಿ ಎತ್ತಿ ನೋಡುವವನ ಹಾಗೆ, ಆಮೇಲೆ, ಅಮ್ಮಾ, ನೆನಪಿದೆ ಅಂದ್ಬಿಟ್ರೆ ಇಬ್ಬರಿಗೂ ಚೆನ್ನಾಗಿರುತ್ತೆ, ಆದ್ರೆ ನೆನಪಿಲ್ಲ, ಎಂದ. ಮರದಿಂದ ಒಣ ಎಲೆಯೊಂದು ತಟ್ಟೆಗೆ ಬಿತ್ತು, ಅವಳೇ ತೆಗೆದು ಹಾಕಿದಳು. ಸರಿ ಬಿಡಿ, ಎಂದಳು. ಸರಿ ಬಿಡಿ ಎಂದು ಎಷ್ಟು ಸುಲಭವಾಗಿ ಬಾಯಿಂದ ಬಂತು, ಎಷ್ಟು ವರ್ಷ ಹೊತ್ತದ್ದು.

ಹೆಸರು ಎಲ್ಲಿ ಸಿಕ್ತು ಅಂತ ಹೇಳ್ತೀನಿ, ಎನ್ನುತ್ತಿದ್ದಾನೆ ಅವನು, ಬ್ರೆಡ್ಡು ಮುರಿಯುತ್ತ, ಇಲ್ಲೇ ಹತ್ರ, ಹಾಲ್‌ನಲ್ಲಿ ಹಾಡಿ ಮಾರನೇ ದಿನ ನಮ್ಮ ಗಾಡಿ ರೇಡಿಯೇಟರ್ ಕುದ್ದು ನಿಂತ್ಬಿಡ್ತು, ಒಂದು ಹಳ್ಳದ ಸೇತುವೆ ಪಕ್ಕ, ಹೊತ್ತು ಮುಳುಗ್ತಾ ಇತ್ತು, ಬೇಲಿಯಾಚೆ ಒಬ್ಬ ಯಜಮಾನ ಗೇಟು ತೆಗೆದು ಹಿಡ್ಕೊಂಡು ಕೂಗ್ತಿದಾನೆ, ಅಲ್ಬೀನಾ... ಅಲ್ಬೀನಾ... ಅಮ್ಮಾ, ಅಂಥ ದನಿ ನಾನು ಚರ್ಚಿನಲ್ಲೂ ಕೇಳಿಲ್ಲ, ನನ್ನ ಕರುಳು ಕಿತ್ತು ಬಂತು, ಹೆಂಡ್ತಿ ಬಿಟ್ಟು ಹೋಗಿದಾಳೆ ಪಾಪ ಅಂದ್ಕೊಂಡೆ, ಸಿಗರೇಟ್ ಪ್ಯಾಕೆಟ್ ಹರಿದು ಅಲ್ಲೇ ಬರೆಯೋಕೆ ಶುರುಮಾಡ್ದೆ, ಎರಡು ನುಡಿ ಆಗೋ ಹೊತ್ತಿಗೆ ಅಲ್ಬೀನಾ ಬಂದ್ಲು — ಇಲ್ಲಿ ಅವನು ಸಾಸೇಜು ಕಚ್ಚಿದ, ಅಗಿದ, ನುಂಗಿದ, ಬೇಕೆಂದೇ ಕಾಯಿಸಿದ — ಕಂದು ಬಣ್ಣ, ಒಂದು ಕೊಂಬು ಮುರಿದಿತ್ತು. ಒಂದು ಕ್ಷಣ ಅವಳಿಗೆ ಅರ್ಥವೇ ಆಗಲಿಲ್ಲ. ಆಮೇಲೆ ಸೇತುವೆ, ಹಳ್ಳ, ಒಂದು ಕೊಂಬು, ರೂಡಿ ಮಾವ, ಅಮ್ಮನ ಅಣ್ಣ, ಮದುವೆಯಾಗದ ರೂಡಿ ಮಾವ, ತಂಗಿಯ ಮಕ್ಕಳನ್ನು ಗೋಳು ಹೊಯ್ದುಕೊಳ್ಳಲೆಂದೇ ತನ್ನ ಹಸುಗಳಿಗೆಲ್ಲ ಅವರ ಹೆಸರು ಇಟ್ಟಿದ್ದವನು, ಭಾನುವಾರದ ಊಟಕ್ಕೆ ಬಂದು ಸೂಪಿನ ತಟ್ಟೆಯ ಮೇಲೆ ಬಗ್ಗಿ ಗಂಭೀರವಾಗಿ, ಅಲ್ಬೀನಾ ನಿನ್ನೆ ಮತ್ತೆ ಬೇಲಿ ಹಾರಿದ್ಲು, ಜೋರ್ಜೀನಾಗೆ ಹೊಟ್ಟೆ ಉಬ್ಬರ, ಎನ್ನುತ್ತಿದ್ದ, ಮನೆಯೆಲ್ಲ ನಗು, ತಾನು ಅತ್ತುಕೊಂಡು ಮೆಟ್ಟಿಲ ಕೆಳಗೆ ಹೋಗಿ ಕೂರುತ್ತಿದ್ದುದು, ರೆಕಾರ್ಡು ಬರುವ ಮೊದಲೇ ಮಾವ ತೀರಿಕೊಂಡ, ಹಸುಗಳೆಲ್ಲ ಸಂತೆ ಸೇರಿದವು, ಯಾರಿಗೂ ಹೊಳೆಯಲೇ ಇಲ್ಲ — ನಗು ಹೊಟ್ಟೆಯ ತಳದಿಂದ ಬಂತು, ವ್ಯಾನಿಗೆ ಒರಗಿಕೊಂಡು ನಕ್ಕಳು, ಕಣ್ಣಲ್ಲಿ ನೀರು, ಅದು ನಮ್ಮ ಮಾವ, ಅದು ನಾನು, ಆ ಹಸುಗೆ ನನ್ನ ಹೆಸರೇ ಇಟ್ಟಿದ್ದು ಅವ್ನು, ಎಂದು ಹೇಗೋ ಹೇಳಿ ಮುಗಿಸಿದಳು, ಹಾಲಿಸ್ ಟೀಗ್ ಬ್ರೆಡ್ಡು ಗಂಟಲಿಗೆ ಸಿಕ್ಕಿ ಕೆಮ್ಮಿ ಕೆಮ್ಮಿ ಕೆಂಪಾದ, ಹಾಗಾದ್ರೆ ಜನ ಹೇಳಿದ್ದು ಸುಳ್ಳಲ್ಲ ಬಿಡಿ, ನೀವೇ, ಸ್ವಲ್ಪ ಬಳಸುದಾರೀಲಿ. ಇಷ್ಟು ವರ್ಷ ಯಾರಿಗೂ ಯಾಕೆ ಹೇಳ್ಲಿಲ್ಲ ನೀವು, ಎಂದು ಕೇಳಿದಳು. ಹೇಗೆ ಹೇಳ್ಲಿ, ಹಾಡು ಕೇಳೋಕೆ ಬರೋರೆಲ್ಲ ಅವರವರ ಅಲ್ಬೀನಾನ ಕರ್ಕೊಂಡು ಬಂದಿರ್ತಾರೆ, ಸತ್ತವರನ್ನ, ಬಿಟ್ಟು ಹೋದವರನ್ನ, ಅವರ ಮುಂದೆ ಹಸು ಅನ್ನೋಕಾಗುತ್ತಾ, ಆದ್ರೆ ನಾನು ಊರೂರು ತಿರುಗೋದು ಇದೇ ಕೊನೇ ಸಲ, ಇದು ಆಗಿದ್ದೂ ಇಲ್ಲೇ, ಇವತ್ತು ಹೇಳಿಬಿಡೋಣ ಅಂತಿದೀನಿ, ಜನ ನಗ್ಲಿ. ಹೇಳಿ, ಎಂದಳು ಅವಳು, ಹೇಳಲೇಬೇಕು ನೀವು, ನನ್ನ ಗಂಡ ಅಲ್ಲೇ ಕೂತಿದಾನೆ, ಅವನು ಕೇಳ್ಬೇಕು — ಹಿಂದಿರುಗುವಾಗ ಮೊಣಕಾಲಿನ ನೋವು ಎಲ್ಲಿ ಹೋಯಿತೋ, ಪಾಪ ಎಡ್ವಿನ್, ರೇಡಿಯೋ ಆರಿಸಿದ ಆ ಬೆರಳು, ಮದುವೆಯ ದಿನ ತಟ್ಟೆ ನೋಡುತ್ತ ಕೂತ ಆ ಮುಖ, ಇವತ್ತು ಮುಳ್ಳು ಕಿತ್ತುಬಿಡುತ್ತದೆ, ಎಲ್ಲರೆದುರಿಗೆ, ಬರೆದವನ ಬಾಯಿಂದಲೇ.

ಒಳಗೆ ತಂಪು, ಫ್ಯಾನುಗಳು, ಬೆಂಚುಗಳೆಲ್ಲ ತುಂಬಿವೆ, ಸ್ಟೀಲ್ ಗಿಟಾರಿನವನು ತಂತಿ ಬಿಗಿಯುತ್ತಿದ್ದಾನೆ, ಅವಳು ಗಂಡನ ಬೆನ್ನ ಹಿಂದಿನಿಂದ ಬೆಂಚಿನ ಕಡೆ ನಡೆದಳು, ಎಡ್ವಿನ್‌ನ ಎಡಗಿವಿ ಟ್ರ್ಯಾಕ್ಟರಿನ ಸದ್ದಿಗೆ ಹೋಗಿದೆ, ಬಲಗಿವಿಗೇ ಹೇಳಬೇಕು, ಮೊದಲೇ ಸ್ವಲ್ಪ ಹೇಳಿಟ್ಟರೆ ಒಳ್ಳೆಯದು, ಒಮ್ಮೆಲೇ ಕೇಳಿ ಗಾಬರಿಯಾಗದ ಹಾಗೆ — ಬಗ್ಗಿದಳು, ಮತ್ತು ಅವನು ಮಾತಾಡುತ್ತಿದ್ದ. ಎಡ್ವಿನ್. ದಿನಕ್ಕೆ ನಾಲ್ಕು ಮಾತು ಆಡದವನು, ಮುಂದಕ್ಕೆ ಬಾಗಿ, ಬಿಯರ್ ಬಾಟಲಿಯ ಮೇಲೆ ಎರಡೂ ಕೈ ಇಟ್ಟು, ಒಕ್ಲಹೋಮಾದ ಡ್ವೇಯ್ನ್‌ಗೆ ಹೇಳುತ್ತಿದ್ದಾನೆ, ಅವ್ನೇ ಮೊದಲು ಕೇಳಿದ್ದು ಅವಳನ್ನ, ಈ ಹಾಲ್‌ನಲ್ಲೇ, ಆಮೇಲೆ ದೊಡ್ಡ ಮನುಷ್ಯ ಆದ ನಿಜ, ಆದ್ರೆ ಆವತ್ತು ಅವಳ ಮುಂದೆ ನಿಂತಿದ್ದು ಇಬ್ರು, ಒಬ್ಬನ ಕೈಲಿ ಗಿಟಾರು, ಒಬ್ಬನ ಕೈಲಿ ಹತ್ತಿ ಬಿಡಿಸಿ ಆದ ಗಾಯ, ಅವಳು ಯಾರನ್ನ ಆರಿಸಿದ್ಲು ನೋಡಿ. ಡ್ವೇಯ್ನ್‌ನ ಹೆಂಡತಿ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದಾಳೆ. ಹಾಗಾದ್ರೆ ನಿಮಗೆ ಆ ಹಾಡು ಕೇಳಿದ್ರೆ ಹೇಗಾಗುತ್ತೆ, ಎಂದು ಡ್ವೇಯ್ನ್ ಮೆತ್ತಗೆ ಕೇಳಿದ. ನಾನು ಕೇಳಲ್ಲ, ಎಂದ ಎಡ್ವಿನ್, ರೇಡಿಯೋದಲ್ಲಿ ಬಂದ್ರೆ ಆರಿಸ್ತೀನಿ, ಸೋತವನು ಅಳೋದನ್ನ ಗೆದ್ದವನು ಕೂತ್ಕೊಂಡು ಕೇಳ್ಬಾರ್ದು, ಮರ್ಯಾದೆ ಅಲ್ಲ ಅದು. ಅಲ್ಬೀನಾ ಬಗ್ಗಿದವಳು ಬಗ್ಗಿದ ಹಾಗೇ. ಮರ್ಯಾದೆ. ಟಕ್ ಎಂಬ ಆ ಸದ್ದು ಮರ್ಯಾದೆಯೇ ಇಷ್ಟು ವರ್ಷ, ತಾನು ಕಿಟಕಿಯಿಂದಾಚೆ ನೋಡುತ್ತಿದ್ದಾಗ ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದವನು ಗೆದ್ದುಕೊಂಡು ಬರುತ್ತಿದ್ದ, ಸೋತವನ ಮೇಲೆ ಕನಿಕರಪಟ್ಟುಕೊಂಡು, ಹಾಲಿಸ್ ಟೀಗನ ಮೇಲೆ ಕನಿಕರ, ಅಯ್ಯೋ ದೇವರೇ, ಮುಳ್ಳಲ್ಲ ಅದು, ಅವನಿಗೆ ಅದೊಂದು ಪದಕ, ಬರ ಬಂದಾಗ, ಬ್ಯಾಂಕಿನವನು ಮುಖ ತಿರುಗಿಸಿದಾಗ, ಮಗು ನಿಲ್ಲದೇ ಹೋದಾಗ, ಎರಡನೆಯದೂ ನಿಲ್ಲದೇ ಹೋದಾಗ, ಅಂಗಿಯ ಒಳಗೆ ಯಾರಿಗೂ ಕಾಣದ ಹಾಗೆ ಅದನ್ನು ಮುಟ್ಟಿ ನೋಡಿಕೊಂಡಿರಬೇಕು, ನನ್ನನ್ನು ಆರಿಸಿದ್ದಾಳೆ ಎಂದು — ಮತ್ತು ಈಗ ತಾನು ಓಡಿ ಹೋಗಿ ಹೇಳಿ ಹೇಳಿ ಹೇಳಲೇಬೇಕು ಎಂದು ಬಂದಾಗಿದೆ. ಹಿಂದಿನ ಬಾಗಿಲ ಕಡೆ ತಿರುಗಿದಳು, ತಡೆಯಬೇಕು, ಇನ್ನೊಂದು ತಟ್ಟೆ ಒಯ್ಯುವ ನೆಪದಲ್ಲಿ, ಆದರೆ ಅಷ್ಟರಲ್ಲೇ ಚಪ್ಪಾಳೆ, ಬೆಂಚುಗಳೆಲ್ಲ ಎದ್ದು ನಿಂತವು, ಯಾರದೋ ತೋಳು ಹಿಡಿದುಕೊಂಡು ಆ ಸಣ್ಣ ಮುದುಕ ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದ.

ಹಾಡಿದ, ಹೌದು, ದನಿ ಒಡೆದಿದೆ, ಮೇಲಿನ ಸ್ವರಕ್ಕೆ ಹೋಗದೆ ಅದರ ಕೆಳಗೆ ನಿಂತು ಕೈ ತೋರಿಸುತ್ತಾನೆ, ಅಲ್ಲಿದೆ ನೋಡಿ ಎಂದು, ಜನರೇ ಹತ್ತಿ ಅದನ್ನು ಕಿತ್ತುಕೊಳ್ಳುತ್ತಾರೆ, ಜೂಡಿ ಕಣ್ಣು ಮುಚ್ಚಿದ್ದಾಳೆ, ಡ್ವೇಯ್ನ್ ಬಾಯಿ ತೆರೆದು ಮಗುವಿನ ಹಾಗೆ ನೋಡುತ್ತಿದ್ದಾನೆ, ದನಿ ಹೋಗಿದೆ ಎಂದಿದ್ದವನು ಕರ್ಚೀಫು ಹುಡುಕುತ್ತಿದ್ದಾನೆ, ಹೊಲ ಮಾರಿದವನ ಹಾಡು, ತಾಯಿಯ ಕೈಯ ಹಾಡು, ಒಂದಾದ ಮೇಲೊಂದು, ಮೊದಲ ಸಲ ಇಲ್ಲಿ ನಿಂತು ಕೇಳಿದಾಗ ಒಳಗಿನಿಂದ ಏನು ಮೇಲೆ ಬಂದಿತ್ತೋ ಅದೇ ಈಗಲೂ ಬರುತ್ತಿದೆ, ಹಸುವಿಗೆ ಬರೆದರೂ ಬರುತ್ತದೆ, ಯಾರಿಗೆ ಬರೆದರೂ, ಆದರೆ ಅಲ್ಬೀನಾಳಿಗೆ ಪ್ರತಿ ಹಾಡಿನ ಕೊನೆಗೂ ಇದಾದ ಮೇಲೆ ಅದೇನೋ, ಇದಾದ ಮೇಲೆ ಅದೇನೋ, ಮತ್ತು ಅವನು ಗಿಟಾರಿನ ಮೇಲೆ ಕೈ ಅಡ್ಡ ಇಟ್ಟು, ಮುಂದಿನ ಹಾಡಿನ ಬಗ್ಗೆ ಒಂದು ಕಥೆ ಇದೆ, ಯಾರಿಗೂ ಹೇಳಿಲ್ಲ ಇದುವರೆಗೆ, ನಿಮ್ಮೂರಲ್ಲೇ ನಡೆದಿದ್ದು, ಎಂದ, ಬರ್ನೀಸ್ ತಡೆಯಲಾರದೆ ಎದ್ದು ಎರಡೂ ಕೈ ಬಾಯಿಗೆ ಹಿಡಿದು, ಅಲ್ಬೀನಾ ಇಲ್ಲೇ ಇದಾಳೆ ಕಣಯ್ಯಾ, ಕಟ್ಕೊಂಡವನೂ ಇಲ್ಲೇ ಇದಾನೆ, ಎಂದು ಕೂಗಿದಳು, ತಲೆಗಳೆಲ್ಲ ಒಟ್ಟಿಗೆ ತಿರುಗಿದವು, ಜೋಳದ ತೆನೆಗಳು ಗಾಳಿಗೆ ತಿರುಗಿದ ಹಾಗೆ, ನಗು, ಶಿಳ್ಳೆ, ಮತ್ತು ಎಡ್ವಿನ್ ಎದ್ದು ನಿಂತ. ಯಾರೂ ಎಬ್ಬಿಸಲಿಲ್ಲ, ತಾನೇ ಎದ್ದ, ಮೇಜಿನ ಮೇಲೆ ಬೆರಳೂರಿ, ಬೆನ್ನು ಎಷ್ಟು ನೆಟ್ಟಗಾಗುತ್ತದೋ ಅಷ್ಟು ನೆಟ್ಟಗೆ ಮಾಡಿ. ಹಾಲಿಸ್ ಟೀಗ್ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಾನೆ, ಬಾಯಿಯ ತುದಿಯಲ್ಲಿ ಆ ಹಸು ನಿಂತಿದೆ, ಇನ್ನೇನು ಹೊರಗೆ ಬರಬೇಕು, ಅವಳು ಎಡ್ವಿನ್‌ನ ಬೆನ್ನ ಹಿಂದೆ ನಿಂತು ತಲೆಯಾಡಿಸಿದಳು, ಬೇಡ, ಇಷ್ಟೇ ಇಷ್ಟು, ಗಂಡನಿಗೆ ಗಾಳಿ ಕೂಡ ತಾಕದ ಹಾಗೆ, ಬೇಡ, ಕಂಡಿತೋ ಇಲ್ಲವೋ, ಆ ವಯಸ್ಸಿನ ಕಣ್ಣಿಗೆ, ಅಷ್ಟು ದೂರದಿಂದ — ಅವನು ಕೈ ಇಳಿಸಿದ. ಗಿಟಾರಿನ ಮೇಲೆ ಒಂದು ತಂತಿ ಸುಮ್ಮನೆ ಮೀಟಿದ. ಯಜಮಾನ್ರೇ, ಎಂದ, ನನ್ನ ಜನ್ಮವೆಲ್ಲ ಜನ ನನ್ನ ಒಂದೇ ಪ್ರಶ್ನೆ ಕೇಳಿದಾರೆ, ಅಲ್ಬೀನಾ ಕೊನೆಗೆ ಮನೆಗೆ ಬಂದ್ಲಾ ಅಂತ. ಬಂದ್ಲು. ನಾನು ಕಣ್ಣಾರೆ ನೋಡಿದೀನಿ. ಗೇಟು ತೆಗೆದಿಟ್ಟು ಕಾಯ್ತಿದ್ದವನ ಹತ್ರ ನೆಟ್ಟಗೆ ನಡ್ಕೊಂಡು ಬಂದ್ಲು, ಅವನು ಅವಳ ಕತ್ತಿನ ಮೇಲೆ ಕೈ ಹಾಕ್ದ, ಇಬ್ರೂ ಒಳಗೆ ಹೋದ್ರು. ನಾನು ರಸ್ತೇಲಿ ನಿಂತಿದ್ದೆ. ನನ್ನ ಹತ್ರ ಇದ್ದಿದ್ದು ಬರೀ ಹಾಡು.

ಒಂದು ಸುಳ್ಳಿಲ್ಲ ಅದರಲ್ಲಿ, ಒಂದೇ ಒಂದು ಸುಳ್ಳಿಲ್ಲ, ಕತ್ತಿನ ಮೇಲೆ ಕೈ, ರೂಡಿ ಮಾವನ ಆ ದಪ್ಪ ಕೈ, ನಗು ಗಂಟಲಿನವರೆಗೆ ಬಂದು ಬೇರೇನೋ ಆಗಿ ನಿಂತಿತು, ವೇದಿಕೆಯ ಮೇಲಿಂದ ಮುದುಕ ಇವಳ ಕಡೆ ನೋಡಲೇ ಇಲ್ಲ, ನೋಡದೇ ಇರುವಷ್ಟು ದೊಡ್ಡವನು, ಚಪ್ಪಾಳೆ ಮರದ ಗೋಡೆಗಳಿಗೆ ಬಡಿಯುತ್ತಿದೆ, ಬರ್ನೀಸ್ ಟೀ ಶರ್ಟಿನಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದಾಳೆ, ನಾನು ಹೇಳ್ಲಿಲ್ವಾ ಬಂದ್ಲು ಅಂತ, ಎಂದು ಡ್ವೇಯ್ನ್ ಹೆಂಡತಿಯನ್ನು ತಿವಿಯುತ್ತಿದ್ದಾನೆ, ಗಿಟಾರಿನ ಆ ಮೊದಲ ಮೀಟು, ಹೊತ್ತು ಮುಳುಗಿತು ಅಲ್ಬೀನಾ, ಆರಿಸಲು ಇಲ್ಲಿ ಗುಂಡಿಯಿಲ್ಲ, ಎದ್ದು ಹೋಗುತ್ತಾನೇನೋ ಎಂದುಕೊಂಡಳು, ಹೋಗಲಿಲ್ಲ, ನಿಂತೇ ಇದ್ದ, ಸೋತವನು ಅಷ್ಟು ಮರ್ಯಾದೆಯಿಂದ ಒಪ್ಪಿಕೊಂಡ ಮೇಲೆ ಗೆದ್ದವನು ಕೂರುವುದು ಹೇಗೆ, ಪೂರ್ತಿ ಕೇಳಬೇಕು, ಮತ್ತು ಎಡ್ವಿನ್ ನಿಧಾನವಾಗಿ ಕೈಯೆತ್ತಿ ಹ್ಯಾಟು ತೆಗೆದ, ಎದೆಗೆ ಹಿಡಿದುಕೊಂಡ — ಹಣೆ, ಅವನ ಹಣೆ, ಹುಬ್ಬಿನವರೆಗೆ ಬಿಸಿಲಿಗೆ ಬೆಂದು ಇಟ್ಟಿಗೆಯಾದ ಮುಖ, ಅಲ್ಲಿಂದ ಮೇಲಕ್ಕೆ ಗೆರೆ ಎಳೆದ ಹಾಗೆ ಬಿಳಿ, ಹೊಲದ ಬಿಸಿಲು ಒಂದು ದಿನವೂ ಮುಟ್ಟದ ಬಿಳಿ ಹಣೆ, ದಿಂಬಿನ ಮೇಲೆ ಅವಳೊಬ್ಬಳೇ ಕಂಡದ್ದು, ಊರೆಲ್ಲ ನೋಡುತ್ತಿರುವಾಗ, ಅಷ್ಟು ಬೆಳಕಿನಲ್ಲಿ, ಬರಿದಾಗಿ, ಹುಡುಗನ ಹಣೆಯ ಹಾಗೆ ನುಣ್ಣಗೆ, ಒದ್ದೆ ಹುಲ್ಲಿನ ಮೇಲೆ ಎಂದು ಹಾಲ್ ಪೂರ್ತಿ ಹಾಡುತ್ತಿದೆ, ಅವಳಿಗೆ ಪದಗಳು ಕೇಳುತ್ತಿಲ್ಲ, ಆ ಹಣೆ, ಆ ಗೆರೆ, ಗೆರೆಯ ಮೇಲೆ ಆ ಬಿಳಿ ಹಣೆ